ಮೂರ್ನಾಡು–ಮಡಿಕೇರಿ ಲೈನ್ ಬಸ್: 11 ವರ್ಷ ಓಡಾಡಿದ ಮೇಲೆ ನನ್ನ ಅನುಭವ

ಕಾಲೇಜು ಪಾಸಿಂದ ಶುರುವಾಗಿ ಈಗ ಮಡಿಕೇರಿಗೆ ಕೆಲ್ಸಕ್ಕೆ ಹೋಗೋವರೆಗೂ 11 ವರ್ಷ ಇದೇ ಲೈನಲ್ಲಿ ಓಡಾಡಿದೀನಿ. 5ಕ್ಕೆ 3 ಸ್ಟಾರ್ ಕೊಡ್ತೀನಿ, ಮೂರೂ ಬೆಳಗ್ಗೆ ಬಸ್ಸಿಗೆ.

ಬೆಳಗ್ಗೆ ಬಸ್ ನಿಜವಾಗ್ಲೂ ಚೆನ್ನಾಗಿದೆ. ಜುಲೈ ಮಳೇಲಿ ತೋಟದ ಗೇಟ್ ಹತ್ರ ಕೊಡೆ ಹಿಡ್ಕೊಂಡು ನಿಂತಿದ್ರೆ ಮಂಜಲ್ಲಿ ಮೊದ್ಲು ಲೈಟ್ ಕಾಣುತ್ತೆ ಆಮೇಲೆ ಬಸ್ಸು, ನಾನಿನ್ನೂ ಗೇಟ್ ಒಳಗೇ ಓಡಿ ಬರ್ತಿದ್ರೂ ಕಂಡಕ್ಟರ್ ಅಣ್ಣ "ಅಕ್ಕ ಬರ್ತಾ ಇದಾರೆ, ನಿಲ್ಸಿ ನಿಲ್ಸಿ" ಅಂತ ಕೂಗಿ ಕಾಯಿಸ್ತಾರೆ. ಒಳಗೆ ಶಟರ್ ಎಲ್ಲಾ ಎಳೆದು ಅರ್ಧ ಕತ್ತಲೆ, ಕಾಲಡಿ ಒದ್ದೆ ಕೊಡೆಗಳು. ಮಳೆಗಾಲದಲ್ಲಿ ಕಿಟಕಿ ಪಕ್ಕ ಕೂರ್ಬೇಡಿ, ಸೋರುತ್ತೆ.

ಕಷ್ಟ ಇರೋದು ಸಂಜೆ. ಏಳು ಗಂಟೆಗೆ ಒಂದು ಟ್ರಿಪ್ ಇತ್ತು, ಕೋವಿಡ್ ಟೈಮಲ್ಲಿ ನಿಂತಿದ್ದು ಮತ್ತೆ ಶುರುವಾಗ್ಲೇ ಇಲ್ಲ. ಕೇಳಿದ್ರೆ ಹತ್ತು ಜನಾನೂ ಹತ್ತಲ್ಲ ಡೀಸೆಲ್ ಕಾಸೂ ಹುಟ್ಟಲ್ಲ ಅಂತಾರೆ. ಆದ್ರೆ ಆ ಹತ್ತು ಜನ ಬೆಳಗ್ಗೆನೂ ಇದೇ ಲೈನಲ್ಲೇ ಹೋಗ್ತಿದ್ವಿ ಅಲ್ವಾ? ವಾಪಸ್ ಬರೋಕೆ ಬಸ್ಸಿಲ್ಲ ಅಂದ್ಮೇಲೆ ಬೆಳಗ್ಗೆನೇ ಗಾಡಿ ತಗೊಂಡು ಹೋಗ್ಬೇಕು, ನಾನೂ ಸಾಲ ಮಾಡಿ ಸ್ಕೂಟರ್ ತಗೊಂಡೆ, ಕಂತು ಕಟ್ತಾ ಇರೋವಾಗ ಅದನ್ನ ಮನೇಲಿ ನಿಲ್ಸಿ ಬಸ್ಸಿಗೆ ಯಾಕೆ ಕಾಸು ಕೊಡೋದು ಅನ್ಸುತ್ತೆ, ಹಾಗೇ ಬೆಳಗ್ಗೆ ಬಸ್ಸಲ್ಲೂ ಸೀಟ್ ಖಾಲಿ ಆಗ್ತಾ ಬಂತು, ಈಗ ಮಧ್ಯಾಹ್ನದ ಒಂದು ಟ್ರಿಪ್ಪೂ ಹೋಯ್ತು.

ಲಾಸ್ ಏಂಜಲೀಸ್ ಸುತ್ತಮುತ್ತಾನೂ ಇಂಥದ್ದೇ ಕಥೆ. 2000ದಿಂದ 2015ರ ಒಳಗೆ ಅಲ್ಲಿ ಜನ ಸುಮಾರು 23 ಲಕ್ಷ ಜಾಸ್ತಿ ಆದ್ರೆ ಮನೆಗಳ ಗಾಡಿ 21 ಲಕ್ಷ ಜಾಸ್ತಿ ಆಗಿದೆ. ಬಸ್ಸಿಗೆ ಜನ ಕಮ್ಮಿ ಆಗೋಕೆ ದೊಡ್ಡ ಕಾರಣ ಇದೇ ಅಂತ ಯುಸಿಎಲ್‌ಎ ಯುನಿವರ್ಸಿಟಿಯವರು 2018ರಲ್ಲಿ ಬರೆದಿದ್ರು. ನಮ್ಮ ಕೊಡಗಲ್ಲಿ ರೈಲೂ ಇಲ್ಲ, ಮನೆಗಳೂ ತೋಟದೊಳಗೆ ಅಲ್ಲೊಂದು ಇಲ್ಲೊಂದು, ಬಸ್ ತಪ್ಪಿದ್ರೆ ಜೀಪೋ ಆಟೋನೋ ಕೇಳಿದಷ್ಟು ಕೊಡ್ಬೇಕು.

2023 ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಫ್ರೀ ಆದಾಗ ನಂಗೆ ತುಂಬಾ ಖುಷಿ ಆಗಿತ್ತು, ಈಗ್ಲೂ ಮೈಸೂರಿಗೆ ಹೋಗೋವಾಗ ಅದೇ ಆಧಾರ. ಆದ್ರೆ ಏಳು ಗಂಟೆಗೆ ಅಂಗಡಿ ಬಾಗ್ಲು ಹಾಕಿ ಸ್ಟ್ಯಾಂಡಿಗೆ ಬಂದವಳಿಗೆ ಬೇಕಾಗಿರೋದು ಬಸ್ಸು. ಜೊತೆ ಕೆಲ್ಸ ಮಾಡೋ ಹುಡುಗಿಗೆ ಸ್ಕೂಟರ್ ಬರಲ್ಲ, ಬಸ್ ಇಲ್ಲ ಅಂತ್ಲೇ ಹೋದ ತಿಂಗ್ಳು ಕೆಲ್ಸ ಬಿಟ್ಲು. ಆ ಟ್ರಿಪ್ ಒಂದು ವಾಪಸ್ ಹಾಕಿ, ಆರು ತಿಂಗ್ಳು ಬಿಡದೆ ಓಡ್ಸಿ ನೋಡಿ. ನಾನಂತೂ ಮೊದಲ್ನೇ ದಿನಾನೇ ಹತ್ತುತೀನಿ.