ಸೆಕೆಂಡ್ ಹ್ಯಾಂಡ್ ಟೆಲಿಫೋಟೊ ಲೆನ್ಸ್ ಕೊಳ್ಳುವ ಮುನ್ನ ಅದರ ಫಿಲ್ಟರ್ ಬಿಚ್ಚಿಸಿ ನೋಡಿ

ಚಳಿಗಾಲದಲ್ಲಿ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತಿದ್ದಂತೆ ಕಲಬುರಗಿ, ಯಾದಗಿರಿ ಕಡೆ ದೂರದ ಹಕ್ಕಿಯನ್ನು ದೊಡ್ಡದಾಗಿ ತೋರಿಸುವ ಹಳೆಯ ಟೆಲಿಫೋಟೊ ಲೆನ್ಸ್‌ಗಳ ವ್ಯಾಪಾರವೂ ಚುರುಕಾಗುತ್ತದೆ. ಹೊಸ ಲೆನ್ಸಿನ ಬೆಲೆ ಕೇಳಿ ಹಿಂದೆ ಸರಿದವರಿಗೆ ಅರ್ಧ ಬೆಲೆಯ ಮಾತು ಹಿತವಾಗಿ ಕೇಳಿಸುವುದು ಸಹಜ. ಹಳೆಯ ಲೆನ್ಸ್ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಈಗ ನಾನು ಬಳಸುತ್ತಿರುವುದೂ ಇನ್ನೊಬ್ಬರು ಬಳಸಿ ಬಿಟ್ಟದ್ದೇ. ಆದರೆ ಒಮ್ಮೆ ಕೆಳಗೆ ಬಿದ್ದು ಒಳಗಿನ ಗಾಜು ಜರುಗಿದ ಲೆನ್ಸನ್ನು ಅಂಗಡಿಯೊಳಗೆ ನಿಂತು ಗುರುತಿಸುವುದು ಬಹಳ ಕಷ್ಟ, ಮತ್ತು ಈ ಸಂಗತಿ ಮಾರುವವರಿಗೆ ಕೊಳ್ಳುವವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ನಾನು ಕಲಬುರಗಿಯ ಒಂದು ಅಂಗಡಿಯಲ್ಲಿ ಕೊಂಡದ್ದು ನಿಕಾನ್ 200-500 ಮಿ.ಮೀ. ಜೂಮ್ ಲೆನ್ಸ್. 2015ರಲ್ಲಿ ಬಂದ ಈ ಲೆನ್ಸ್ ಪಕ್ಷಿ ಛಾಯಾಗ್ರಾಹಕರ ನಡುವೆ ಒಳ್ಳೆಯ ಹೆಸರು ಪಡೆದಿದೆ. ಜೂಮ್‌ನ ಉದ್ದಕ್ಕೂ ಎಫ್/5.6 ಅಪರ್ಚರ್ (ಬೆಳಕು ಒಳಬಿಡುವ ಕಂಡಿ; ಎಫ್ ಪಕ್ಕದ ಅಂಕಿ ಹೆಚ್ಚಿದಷ್ಟೂ ಕಂಡಿ ಕಿರಿದು) ಸಿಗುತ್ತದೆ, ಟ್ರೈಪಾಡಿಗೆ ಕೂರಿಸುವ ಬಳೆ, ಅಂದರೆ ಕಾಲರ್ ಸೇರಿ ತೂಕ 2.3 ಕಿಲೋ. ಲೆನ್ಸಿನ ತಯಾರಿಕೆಯ ಮೇಲೆ ನನ್ನ ದೂರಿಲ್ಲ, ದೂರಿರುವುದು ಅದನ್ನು ಮಾರಿದ ರೀತಿಯ ಮೇಲೆ. ಅಂಗಡಿಯವರು ಲೆನ್ಸನ್ನು ನನ್ನ ಕ್ಯಾಮೆರಾಕ್ಕೆ ಹಾಕಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎದುರು ಗೋಡೆಯ ಕ್ಯಾಲೆಂಡರನ್ನು ಚೌಕಟ್ಟಿನ ನಡುವೆ ಇಟ್ಟು ಚಿತ್ರ ತೆಗೆಸಿದರು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಅಂಕಿಗಳು ಕೆತ್ತಿದಂತೆ ಕಂಡವು. ಜೊತೆಗೆ ಅದೇ ಲೆನ್ಸಿನಲ್ಲಿ ತೆಗೆದದ್ದೆಂದು ಮೊಬೈಲಿನಲ್ಲಿ ನೀಲಕಂಠದ ಚಿತ್ರವೊಂದನ್ನೂ ತೋರಿಸಿದರು. ನಾಲ್ಕಾರು ಮೀಟರ್ ದೂರದ ವಸ್ತುವನ್ನು ಚೌಕಟ್ಟಿನ ಮಧ್ಯದಲ್ಲಿ ಇಟ್ಟರೆ ಪೆಟ್ಟು ತಿಂದ ಲೆನ್ಸೂ ಅಷ್ಟರಮಟ್ಟಿಗೆ ಮಾನ ಉಳಿಸಿಕೊಳ್ಳುತ್ತದೆ. ವಾಟ್ಸ್‌ಆ್ಯಪಿನಲ್ಲಿ ಬಂದ, ಎಡಿಟ್ ಮಾಡಿದ ಚಿತ್ರದಿಂದಂತೂ ಯಾವುದನ್ನೂ ತೀರ್ಮಾನಿಸಲಾಗದು.

ದೋಷ ಬಯಲಾದದ್ದು ಬೋನಾಳದಲ್ಲಿ. ಹೆಬ್ಬಾತುಗಳ ಸಾಲನ್ನು ಚೌಕಟ್ಟಿನ ಉದ್ದಕ್ಕೂ ಹಿಡಿದ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ನೋಡಿದಾಗ, ಎಡಬದಿಯ ಹಕ್ಕಿಗಳ ಬಿಳಿಯ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆಗಳು ಬೇರೆಬೇರೆಯಾಗಿ ಕಾಣುತ್ತಿದ್ದವು. ಬಲಕ್ಕೆ ಸರಿದಂತೆ ಆ ಪಟ್ಟೆಗಳು ಒಂದರೊಳಗೊಂದು ಕಲಸಿಹೋಗಿ, ಕೊನೆಯ ಹಕ್ಕಿಯ ಕೊಕ್ಕಿಗೆ ಎರಡು ಅಂಚುಗಳು ಮೂಡಿದ್ದವು. ಅಂಗಡಿಗೆ ಹೋಗಿ ತೋರಿಸಿದರೆ ಸಿಕ್ಕ ಉತ್ತರ ಒಂದೇ: "ಅದು ಬಿಸಲ ಝಳ ರೀ ಸರ, ಲೆನ್ಸ್ ಚಲೋನೇ ಅದ."

ಈ ಉತ್ತರ ಅಪಾಯಕಾರಿಯಾಗಿರುವುದು ಅದರಲ್ಲಿ ಅರ್ಧ ನಿಜವಿರುವುದರಿಂದ. ನಮ್ಮ ಕಡೆಯ ಕಪ್ಪು ನೆಲ ಬೇಗ ಕಾಯುತ್ತದೆ. ಬಿಸಿಯಾದ ಗಾಳಿ ಮೇಲೇಳುವಾಗ ಬೆಳಕು ಬಾಗುವುದರಿಂದ ದೂರದ ಹಕ್ಕಿಯ ಚಿತ್ರ ಕದಡಿಹೋಗುತ್ತದೆ, ಮತ್ತು ಎಷ್ಟು ಲಕ್ಷದ ಲೆನ್ಸ್ ತಂದರೂ ಇದಕ್ಕೆ ಪರಿಹಾರವಿಲ್ಲ. ತೊಗರಿ ಹೊಲದಾಚೆಯ ಹಕ್ಕಿಯನ್ನು ಮಧ್ಯಾಹ್ನದಲ್ಲಿ ತೆಗೆದು ಲೆನ್ಸನ್ನು ಬೈಯುವವರೂ ಇದ್ದಾರೆ. ಆದರೆ ಝಳದ ಕದಡು ಒಂದೇ ಕಡೆ ನಿಲ್ಲುವುದಿಲ್ಲ. ಸಾಲಾಗಿ ಹತ್ತು ಚಿತ್ರ ತೆಗೆದರೆ ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ, ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಕಾಣಿಸಿಕೊಳ್ಳುತ್ತದೆ. ನನ್ನ ಚಿತ್ರಗಳಲ್ಲಿ, ಬಿಸಿಲೇರುವ ಮೊದಲು ತೆಗೆದವುಗಳಲ್ಲೂ, ಬಲಬದಿ ಮಾತ್ರ ಮಸುಕಾಗಿತ್ತು.

ಸಂಶಯ ಉಳಿಯಬಾರದೆಂದು ಮನೆಯ ಕಾಂಪೌಂಡ್ ಗೋಡೆಗೆ ದಿನಪತ್ರಿಕೆಯ ಹಾಳೆಗಳನ್ನು ಅಗಲಕ್ಕೆ ಅಂಟಿಸಿ, ಅವು ಚೌಕಟ್ಟು ತುಂಬುವಷ್ಟು ದೂರದಲ್ಲಿ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ, 500 ಮಿ.ಮೀ.ನಲ್ಲಿ ಎಫ್/5.6ಕ್ಕೇ ತೆರೆದಿಟ್ಟು, ಕೈನಡುಕ ಸರಿದೂಗಿಸುವ ಸ್ಥಿರೀಕರಣದ ಗುಂಡಿಯನ್ನು ಆರಿಸಿ, ಟೈಮರ್ ಇಟ್ಟು ಚಿತ್ರ ತೆಗೆದೆ. ಬಲಗಡೆಯ ಅಂಕಣದ ಅಕ್ಷರಗಳಲ್ಲಿ ಒತ್ತು ಯಾವುದು, ದೀರ್ಘ ಯಾವುದು ಎಂದು ತಿಳಿಯದಂತಾಗಿತ್ತು. ಗೋಡೆಗೆ ಕ್ಯಾಮೆರಾ ಸಮಾನಾಂತರವಾಗಿಲ್ಲದಿದ್ದರೂ ಹೀಗಾಗಬಹುದು. ಆದ್ದರಿಂದ ಲೆನ್ಸನ್ನು ಕಾಲರಿನೊಳಗೇ ಸುತ್ತಿಸಿ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಮತ್ತೊಮ್ಮೆ ತೆಗೆದೆ. ಈ ಸಲ ಬಲಗಡೆಯ ಅಂಕಣ ಸ್ಪಷ್ಟವಾಗಿ, ಎಡಗಡೆಯದು ಮಸುಕಾಗಿ ಬಂತು. ಗೋಡೆಯದೋ ಗಾಳಿಯದೋ ದೋಷವಾಗಿದ್ದರೆ ಮಸುಕು ಹೀಗೆ ಕ್ಯಾಮೆರಾದ ಜೊತೆ ತಿರುಗುತ್ತಿರಲಿಲ್ಲ. ಟೆಲಿಫೋಟೊ ಕೊಳ್ಳುವ ಯಾರೇ ಆಗಲಿ ಈ ಒಂದು ಪರೀಕ್ಷೆ ಮಾಡದೆ ಹಣ ಕೊಡಬಾರದು, ಮತ್ತು ಅಂಗಡಿಯ ಹೊರಗೆ ಲೆನ್ಸ್ ಒಯ್ಯಲು ಬಿಡದವರ ಬಳಿ ಕೊಳ್ಳಲೇಬಾರದು.

ಲೆನ್ಸಿನ ಮುಂದೆ ಗಾಜಿನ ರಕ್ಷಣೆಗೆಂದು ತಿರುಗಿಸಿ ಕೂರಿಸುವ ಒಂದು ಯುವಿ ಫಿಲ್ಟರ್ ಇತ್ತು, "ಫ್ರೀ ಕೊಟ್ಟೀನಿ" ಎಂದು ಅಂಗಡಿಯವರು ಹೇಳಿದ್ದರು. ಅದು ಕೈಯಿಂದ ಜಪ್ಪಯ್ಯ ಎಂದರೂ ಬಿಚ್ಚಿಕೊಳ್ಳಲಿಲ್ಲ. ದುರಸ್ತಿ ಮಾಡುವವರು ಅದನ್ನು ತೆಗೆದಾಗ ಲೆನ್ಸಿನ ಮುಂದಿನ ಅಂಚು ಉಗುರಿನಷ್ಟು ಅಗಲಕ್ಕೆ ತಗ್ಗಾಗಿತ್ತು. ಲೆನ್ಸ್ ಮುಖ ಅಡಿಯಾಗಿ ಬಿದ್ದ ಗುರುತು ಅದು. ಹಿಂದಿನ ಲೋಹದ ಬಳೆಯ ಸ್ಕ್ರೂಗಳ ತಲೆ ಸವೆದಿತ್ತು, ಅಂದರೆ ಯಾರೋ ಮೊದಲೇ ಬಿಚ್ಚಿ ಕೂಡಿಸಿದ್ದರು. ವಾರಂಟಿ ಕಾರ್ಡಿನ ಸೀರಿಯಲ್ ನಂಬರಿಗೂ ಲೆನ್ಸಿನ ಮೈಮೇಲಿನ ನಂಬರಿಗೂ ತಾಳೆಯಿರಲಿಲ್ಲ. ಕಾರ್ಡಿನ ನಂಬರನ್ನು ಲೆನ್ಸಿನದರ ಪಕ್ಕದಲ್ಲಿಟ್ಟು ಕೊನೆಯ ಅಂಕಿಯವರೆಗೂ ಓದಿ ನೋಡಿ. ಎಲ್ಲರೂ ಕಾರ್ಡ್ ಇದೆಯೇ ಎಂದು ಕೇಳುತ್ತಾರೆ, ಯಾರೂ ಓದುವುದಿಲ್ಲ.

ಇಷ್ಟೆಲ್ಲ ಸಾಕ್ಷಿ ಇದ್ದರೂ ನನ್ನ ಮಾತು ನಡೆಯದಿರಲು ಕಾರಣ ಬಿಲ್ಲು. ಅವರು ಕೊಟ್ಟದ್ದು ಕೈಬರಹದ ಕಚ್ಚಾ ಚೀಟಿ. ಅದರಲ್ಲಿ "ಲೆನ್ಸ್" ಎಂಬ ಪದ ಮತ್ತು ಮೊತ್ತ ಬಿಟ್ಟರೆ ಏನೂ ಇರಲಿಲ್ಲ. ಯುಪಿಐ ದಾಖಲೆಯಿಂದ ಹಣ ಕೊಟ್ಟದ್ದು ಸಾಬೀತಾಗುತ್ತದೆ, ಯಾವ ಲೆನ್ಸಿಗೆ ಕೊಟ್ಟದ್ದೆಂದು ಸಾಬೀತಾಗುವುದಿಲ್ಲ. "ಇದು ನಾವು ಮಾರಿದ್ದೇ ಅಲ್ಲ" ಎಂಬ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲು ಕೈಯಲ್ಲಿದ್ದರೆ ಸ್ಥಿತಿಯೇ ಬೇರೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಅಂಗಡಿ ಹೈದರಾಬಾದಿನಲ್ಲಿರಲಿ, ಸೊಲ್ಲಾಪುರದಲ್ಲಿರಲಿ, ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಅದಕ್ಕೂ ಮೊದಲು 1915 ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯಿಂದ ಕೊಂಡವರಿಗೆ ಈ ದಾರಿ ಸಾಮಾನ್ಯವಾಗಿ ಸಿಗುವುದಿಲ್ಲ.

ಇನ್ನು ಕೆಲವು ಮೋಸಗಳು ನನಗೆ ಆಗದಿದ್ದರೂ ಇದೇ ವ್ಯಾಪಾರದಲ್ಲಿ ಕಂಡವು. ಈ 200-500ರ ಅಪರ್ಚರ್ ವಿದ್ಯುತ್ ಸಂಕೇತದಿಂದ ನಡೆಯುವಂಥದ್ದು. ನಿಕಾನ್‌ನದೇ ಡಿ90, ಡಿ3000ದಂತಹ ಹಳೆಯ ಕ್ಯಾಮೆರಾಗಳು ಅದನ್ನು ನಿಯಂತ್ರಿಸಲಾರವು, ಆದರೂ ಎರಡನ್ನೂ ಜೋಡಿಯಾಗಿ ಮಾರುವವರಿದ್ದಾರೆ. ಸಿಗ್ಮಾ ಕಂಪನಿಯ 150-600 ಲೆನ್ಸಿನಲ್ಲಿ ಎರಡು ಬಗೆಗಳಿವೆ: ಮೈಮೇಲೆ ಸಿ ಎಂದಿರುವುದು ಎರಡು ಕಿಲೋದೊಳಗೆ, ಎಸ್ ಎಂದಿರುವುದು ಮೂರು ಕಿಲೋದ ಹತ್ತಿರ; ಬೆಲೆಯೂ ಬೇರೆ. ಇಂತಹ ಎಫ್/6.3 ಲೆನ್ಸಿನ ಜೊತೆ ಚಿತ್ರವನ್ನು 1.4 ಪಟ್ಟು ಹಿಗ್ಗಿಸುವ ಕನ್ವರ್ಟರ್ ಪುಕ್ಕಟೆ ಕೊಟ್ಟರೆ ಹಿಗ್ಗಬೇಡಿ, ಅಪರ್ಚರ್ ಎಫ್/9ಕ್ಕೆ ಇಳಿದು ಬೆಳಕು ಕಡಿಮೆಯಾಗಿ ಬಹುತೇಕ ಡಿಎಸ್‌ಎಲ್‌ಆರ್‌ಗಳ ಆಟೋಫೋಕಸ್ ಕೈಕೊಡುತ್ತದೆ. "ನಮ್ಮದು ಒಣ ಊರು, ಫಂಗಸ್ ಬರಲ್ಲ" ಎಂಬ ಮಾತಿಗೂ ಬೆಲೆ ಕೊಡಬೇಡಿ. ಮುಂಬೈಯಲ್ಲೋ ಮಂಗಳೂರಿನಲ್ಲೋ ಹಿಡಿದ ಬೂಷ್ಟು ಕಲಬುರಗಿಯ ಬಿಸಿಲಿಗೆ ಅಳಿಸಿಹೋಗುವುದಿಲ್ಲ. ಹಿಂದಿನಿಂದ ಟಾರ್ಚ್ ಹಾಕಿ ಮುಂದಿನಿಂದ ನೋಡಿದರೆ ಜೇಡರ ಬಲೆಯಂತಹ ಎಳೆಗಳು ಕಾಣುತ್ತವೆ.

ಕೊನೆಗೆ ಆ ಅಂಗಡಿಯವರು, ತಾವು ಮಾರಿಲ್ಲವೆಂದ ಅದೇ ಲೆನ್ಸನ್ನು, ಕೊಟ್ಟದ್ದಕ್ಕಿಂತ ಬಹಳ ಕಡಿಮೆ ಬೆಲೆಗೆ ಮರಳಿ ಕೊಂಡರು. ದುರಸ್ತಿಯ ಅಂದಾಜು ವೆಚ್ಚ ಕೇಳಿದ ಮೇಲೆ ನಾನೂ ಒಪ್ಪಿದೆ. ಈಗ ಅದು "ಒಬ್ಬರೇ ಬಳಸಿದ್ದು, ಗೀರಿಲ್ಲ" ಎಂಬ ಒಕ್ಕಣೆಯೊಡನೆ ಮತ್ತೆ ಮಾರಾಟಕ್ಕೆ ಬಂದಿರುವುದನ್ನು ನೋಡಿದ್ದರಿಂದಲೇ ಇಷ್ಟು ವಿವರವಾಗಿ ಬರೆದಿದ್ದೇನೆ. ಗುರುತು ಹೀಗಿದೆ: ಕಾಲರಿನ ಪಾದದ ಎಡಗಡೆ ಬಣ್ಣ ಎದ್ದಿದೆ, ಜೂಮ್ ರಬ್ಬರ್ ಸ್ವಲ್ಪ ಸಡಿಲವಾಗಿದೆ, ಮುಂದಿನ 95 ಮಿ.ಮೀ. ಅಂಚಿನ ತಗ್ಗನ್ನು ಹೊಸದೊಂದು ಫಿಲ್ಟರ್ ಮುಚ್ಚಿದೆ.