ಪೆಟ್ರೋಲ್ ಪಿಕಪ್ಪೋ, ಡೀಸೆಲ್ ಪಿಕಪ್ಪೋ: ಎರಡನ್ನೂ ದುಡಿಸಿ ನೋಡಿದ ಮೇಲೆ

ಮೂರು ವರ್ಷ ಪೆಟ್ರೋಲ್ ಪಿಕಪ್ ಒಂದನ್ನು, ಅದನ್ನು ಮಾರಿದ ಮೇಲೆ ನಾಲ್ಕು ವರ್ಷ ಹೆಚ್ಚುಕಡಿಮೆ ಅದೇ ಗಾತ್ರದ ಡೀಸೆಲ್ ಪಿಕಪ್ಪನ್ನು ನಾನೇ ಓಡಿಸಿದ್ದೇನೆ. ಎರಡಕ್ಕೂ ಒಂದೇ ಬಗೆಯ ಕೆಲಸವಿತ್ತು: ವಾರದಲ್ಲಿ ಐದು ದಿನ ಉಪಕರಣಗಳನ್ನು ಹೇರಿಕೊಂಡು ಹತ್ತಿರದ ಜಾಗಗಳಿಗೆ ಓಡಾಟ, ತಿಂಗಳಿಗೆ ಎರಡು ಮೂರು ಸಲ ಒಂದೂವರೆ ಟನ್ ತೂಗುವ ಟ್ರೇಲರ್ ಎಳೆದುಕೊಂಡು ದೂರದ ಪ್ರಯಾಣ. ಹೊಸ ಗಾಡಿ ಕೊಳ್ಳಲು ಹೊರಟವರು ಯಾವುದಕ್ಕೆ ಬಲ ಹೆಚ್ಚು, ಯಾವುದರ ಮೈಲೇಜ್ ಹೆಚ್ಚು ಎಂದೇ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ನಮ್ಮ ಕೆಲಸದಲ್ಲಿ ಒಮ್ಮೆ ಕೀಲಿ ತಿರುಗಿಸಿದರೆ ಆ ಗಾಡಿ ನಿಲ್ಲದೆ ಎಷ್ಟು ದೂರ ಓಡುತ್ತದೆ ಎಂಬುದು. ಈ ಮಾತು ನನಗೆ ಮನದಟ್ಟಾಗಲು ಏಳು ವರ್ಷ ಹಿಡಿಯಿತು.

ಎಳೆತದಲ್ಲಿ ಡೀಸೆಲ್ ಮುಂದಿದೆ, ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಎರಡೂ ಬಗೆಯ ಎಂಜಿನ್ನುಗಳೊಂದಿಗೆ ಮಾರಾಟವಾಗಿರುವ ಟೊಯೋಟಾ ಹೈಲಕ್ಸನ್ನು ಉದಾಹರಣೆಗೆ ತೆಗೆದುಕೊಂಡರೆ, ಅದರ 2.7 ಲೀಟರ್ ಪೆಟ್ರೋಲ್ ಎಂಜಿನ್ ತನ್ನ ಗರಿಷ್ಠ 245 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುವುದು ನಿಮಿಷಕ್ಕೆ 4,000 ಸುತ್ತುಗಳಲ್ಲಿ, 2.8 ಲೀಟರ್ ಟರ್ಬೊ ಡೀಸೆಲ್, ಆಟೊಮ್ಯಾಟಿಕ್ ಗೇರಿನ ಆವೃತ್ತಿಯಲ್ಲಿ, 1,600 ಸುತ್ತುಗಳಲ್ಲೇ 500 ನ್ಯೂಟನ್ ಮೀಟರ್ ಕೊಡುತ್ತದೆ. ಲೆಕ್ಕ ಹಾಕಿದರೆ ಡೀಸೆಲ್ 1,600ರಲ್ಲಿ ಒದಗಿಸುವ ಸುಮಾರು 84 ಕಿಲೋವ್ಯಾಟ್ ಶಕ್ತಿಗೆ ಆ ಪೆಟ್ರೋಲ್ ಎಂಜಿನ್ 3,200 ಸುತ್ತುಗಳನ್ನು ದಾಟಲೇಬೇಕು. ನನ್ನ ಎರಡು ಗಾಡಿಗಳಲ್ಲಿ ಕಂಡದ್ದೂ ಇದೇ. ಟ್ರೇಲರ್ ಕಟ್ಟಿಕೊಂಡು ಉದ್ದನೆಯ ಏರು ಹತ್ತುವಾಗ ಪೆಟ್ರೋಲ್ ಗಾಡಿ ಮೂರನೇ ಗೇರಿನಿಂದ ಎರಡಕ್ಕೆ ಇಳಿಯುತ್ತಿತ್ತು, ಮುಳ್ಳು 4,000 ದಾಟುತ್ತಿತ್ತು, ಪಕ್ಕದಲ್ಲಿ ಕುಳಿತವರು ಮಾತು ನಿಲ್ಲಿಸಿ ಏರು ಮುಗಿಯುವುದನ್ನೇ ಕಾಯುತ್ತಿದ್ದರು. ಅದೇ ಏರನ್ನು ಡೀಸೆಲ್ ಗಾಡಿ 2,000 ಸುತ್ತುಗಳ ಆಸುಪಾಸಿನಲ್ಲಿ, ಗೇರ್ ಬದಲಿಸದೆ, ಒಂದೇ ಉಸಿರಿನಲ್ಲಿ ಹತ್ತುತ್ತಿತ್ತು.

ಇಳಿಜಾರಿನಲ್ಲಿ ಮಾತ್ರ ಕಥೆ ತಿರುಗಿಬೀಳುತ್ತದೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಪೆಟ್ರೋಲ್ ಎಂಜಿನ್ನಿಗೆ ಗಾಳಿ ಬಿಡುವ ಕವಾಟ, ಅಂದರೆ ಥ್ರಾಟಲ್, ಮುಚ್ಚಿಕೊಂಡು, ಒಳಗೆ ಬರುವ ಗಾಳಿ ಕಡಿಮೆಯಾಗಿ, ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಡೀಸೆಲ್ ಎಂಜಿನ್ನಿನ ಬಲವನ್ನು ನಿಯಂತ್ರಿಸುವುದು ಗಾಳಿಯಲ್ಲ, ಚಿಮ್ಮಿಸುವ ಇಂಧನದ ಪ್ರಮಾಣ. ಹಾಗಾಗಿ ಆ ಜಗ್ಗುವಿಕೆ ಅದರಲ್ಲಿ ದುರ್ಬಲ. ಹೊಗೆಯ ದಾರಿಯನ್ನು ಅಡ್ಡಗಟ್ಟಿ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಇಲ್ಲದ ನನ್ನ ಡೀಸೆಲ್ ಗಾಡಿಯಲ್ಲಿ ಟ್ರೇಲರ್ ಹಿಂದಿನಿಂದ ತಳ್ಳುತ್ತಿದ್ದಾಗ ಬ್ರೇಕ್ ಪ್ಯಾಡುಗಳು ಕಾದ ವಾಸನೆ ಮೂಗಿಗೆ ಬಡಿದದ್ದುಂಟು.

ಮೈಲೇಜಿನಲ್ಲೂ ಡೀಸೆಲ್ಲಿಗೇ ಮೇಲುಗೈ. ಒಂದು ಲೀಟರ್ ಡೀಸೆಲ್ಲಿನಲ್ಲಿ ಅಷ್ಟೇ ಪೆಟ್ರೋಲಿಗಿಂತ ಶೇಕಡಾ 10ರಿಂದ 15ರಷ್ಟು ಹೆಚ್ಚು ಶಕ್ತಿ ಅಡಗಿದೆ, ಮೇಲಾಗಿ ಹೆಚ್ಚಿನ ಒತ್ತಡದಲ್ಲಿ ಉರಿಯುವ ಆ ಎಂಜಿನ್ ಅದನ್ನು ಇನ್ನಷ್ಟು ಚೆನ್ನಾಗಿ ಬಳಸಿಕೊಳ್ಳುತ್ತದೆ. ನಾನು ಬರೆದಿಟ್ಟ ಲೆಕ್ಕದಲ್ಲಿ ಟ್ರೇಲರ್ ಇಲ್ಲದಾಗ ಪೆಟ್ರೋಲ್ ಗಾಡಿ ಲೀಟರಿಗೆ 9 ಕಿಲೋಮೀಟರ್, ಡೀಸೆಲ್ ಗಾಡಿ 12. ಟ್ರೇಲರ್ ಇದ್ದಾಗ ಕ್ರಮವಾಗಿ ಐದೂವರೆ ಮತ್ತು ಎಂಟೂವರೆ. ಭಾರ ಹೆಚ್ಚಿದಷ್ಟೂ ಪೆಟ್ರೋಲ್ ಎಂಜಿನ್ನಿನ ಹಸಿವು ಹೆಚ್ಚುತ್ತದೆ.

ಇಷ್ಟನ್ನು ಓದಿದವರು ಡೀಸೆಲ್ಲನ್ನೇ ಕೊಳ್ಳುತ್ತಾರೆ. ನಾನೂ ಹಾಗೆಯೇ ಕೊಂಡೆ. ಆದರೆ ಇಂದಿನ ಡೀಸೆಲ್ ಗಾಡಿಯ ಹೊಗೆಯ ದಾರಿಯಲ್ಲಿ ಮಸಿಯನ್ನು ಹಿಡಿದಿಡುವ ಒಂದು ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಎಂಜಿನ್ ಹೆಚ್ಚುವರಿ ಇಂಧನವನ್ನು ಚಿಮ್ಮಿಸಿ, ಫಿಲ್ಟರಿನೊಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಹುಟ್ಟಿಸಿ, ಆ ಮಸಿಯನ್ನು ಸುಟ್ಟುಹಾಕುತ್ತದೆ. ಈ ಕೆಲಸ ಪೂರ್ತಿಯಾಗಬೇಕಾದರೆ ಎಂಜಿನ್ ಬಿಸಿಯಾಗಿದ್ದು, ಗಾಡಿ ಒಂದಷ್ಟು ಹೊತ್ತು ಸ್ಥಿರವಾದ ವೇಗದಲ್ಲಿ ಓಡುತ್ತಲೇ ಇರಬೇಕು. ನನ್ನ ದಿನನಿತ್ಯದ ಓಟವಾದರೋ ಹತ್ತು ನಿಮಿಷದ್ದು. ನಿಲ್ಲಿಸಿ ಕೀಲಿ ತೆಗೆದ ಮೇಲೂ ಮುಂದಿನ ಫ್ಯಾನ್ ಜೋರಾಗಿ ತಿರುಗುತ್ತಿರುವುದನ್ನು, ಗಾಡಿಯಡಿಯಿಂದ ಏನೋ ಸುಟ್ಟ ಘಾಟು ಬರುವುದನ್ನು ಮೊದಮೊದಲು ನಾನು ಗಮನಕ್ಕೆ ತಂದುಕೊಳ್ಳಲಿಲ್ಲ. ಅವು ಅರ್ಧಕ್ಕೆ ನಿಂತುಹೋದ ಶುದ್ಧೀಕರಣದ ಗುರುತುಗಳು. ಒಂದು ಬೆಳಿಗ್ಗೆ ಎಂಜಿನ್ ಆಯಿಲ್ ನೋಡಲೆಂದು ಅಳತೆಕಡ್ಡಿಯನ್ನು ಎಳೆದಾಗ, ಆಯಿಲ್ ಮೇಲಿನ ಗೆರೆಯನ್ನೂ ದಾಟಿ ಒಂದು ಬೆರಳಷ್ಟು ಏರಿತ್ತು. ಕಡ್ಡಿಯ ತುದಿಯನ್ನು ಉಜ್ಜಿ ನೋಡಿದೆ: ಜಿಗುಟು ಕಡಿಮೆಯಾಗಿ ನೀರುನೀರಾಗಿತ್ತು, ಡೀಸೆಲ್ಲಿನ ವಾಸನೆ ಬರುತ್ತಿತ್ತು. ಮಸಿ ಸುಡಲೆಂದು ಚಿಮ್ಮಿದ ಇಂಧನ ಸಿಲಿಂಡರಿನ ಗೋಡೆಯ ಗುಂಟ ಇಳಿದು ಆಯಿಲ್ಲಿಗೆ ಸೇರಿತ್ತು. ಆಯಿಲ್ ಬದಲಿಸಿದೆ; ಅಂದಿನಿಂದ ವಾರಕ್ಕೊಮ್ಮೆ, ಕೆಲಸವಿರಲಿ ಇಲ್ಲದಿರಲಿ, ಅರ್ಧ ಗಂಟೆ ಹೆದ್ದಾರಿಯಲ್ಲಿ ಗಾಡಿಯನ್ನು ಓಡಿಸಿಕೊಂಡು ಬರುವುದು ನನಗೆ ಕಡ್ಡಾಯವಾಯಿತು. ಮೈಲೇಜಿನಲ್ಲಿ ಉಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಕರಗಿತು. ಪೆಟ್ರೋಲ್ ಗಾಡಿ ಇಂಥ ಯಾವ ಉಪಚಾರವನ್ನೂ ನನ್ನಿಂದ ಕೇಳಿರಲಿಲ್ಲ.

ಉಳಿದ ಆರೈಕೆಯೂ ಡೀಸೆಲ್ಲಿಗೆ ಹೆಚ್ಚು. ಇಂಧನದ ಫಿಲ್ಟರಿನಲ್ಲಿ ಸೇರುವ ನೀರನ್ನು ಆಗಾಗ ಬಸಿಯಬೇಕು, ಏಕೆಂದರೆ 2,000 ಬಾರ್‌ವರೆಗಿನ ಒತ್ತಡದಲ್ಲಿ ದುಡಿಯುವ ಪಂಪು ಮತ್ತು ಇಂಜೆಕ್ಟರುಗಳು ನೀರನ್ನು ಸಹಿಸುವುದಿಲ್ಲ. ಅನೇಕ ಮಾದರಿಗಳಲ್ಲಿ ಹೊಗೆಯನ್ನು ಶುದ್ಧಗೊಳಿಸಲು ಶೇಕಡಾ 32.5 ಯೂರಿಯಾ ಇರುವ ದ್ರವವನ್ನು ಬೇರೆ ಟ್ಯಾಂಕಿಗೆ ತುಂಬಿಸುತ್ತಿರಬೇಕು. ಕಡು ಚಳಿಯಲ್ಲಿ, ಮೈನಸ್ 11 ಡಿಗ್ರಿಗೆ, ಅದು ಹೆಪ್ಪುಗಟ್ಟುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಆಯಿಲ್, ಗಾಳಿಯ ಫಿಲ್ಟರ್, ಕಾಲಕಾಲಕ್ಕೆ ಸ್ಪಾರ್ಕ್ ಪ್ಲಗ್ ಬದಲಿಸಿದರೆ ಬಹುಪಾಲು ಮುಗಿಯಿತು.

ಮಸಿ ಹಿಡಿಯುವ ಫಿಲ್ಟರಿನ ಕಾಟ ತಾಳಲಾರದೆ ಅದನ್ನು ಕಿತ್ತುಹಾಕಿಸುವವರನ್ನು ಕಂಡಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದೆ. ನಮ್ಮ ಗಾಡಿಯ ಹಿಂದೆ ಬರುವವರೂ, ಅದಕ್ಕೆ ಸಾಮಾನು ಹೇರುವವರೂ ಆ ಗಾಳಿಯನ್ನೇ ಉಸಿರಾಡುತ್ತಾರೆ. ಫಿಲ್ಟರನ್ನು ಸಾಕಲಾಗದವರು ಪೆಟ್ರೋಲ್ ಗಾಡಿ ಕೊಳ್ಳಲಿ.

ನಾನು ಈಗ ಮತ್ತೆ ಪೆಟ್ರೋಲ್ ಪಿಕಪ್ಪಿಗೆ ಮರಳುತ್ತಿದ್ದೇನೆ, ಏಕೆಂದರೆ ನನ್ನ ಕೆಲಸದಲ್ಲಿ ದೂರದ ಎಳೆತ ತಿಂಗಳಿಗೆ ಮೂರು ದಿನವನ್ನು ಮೀರುವುದಿಲ್ಲ. ಅದು ವಾರಕ್ಕೆ ಮೂರು ದಿನವಾಗಿದ್ದರೆ ಡೀಸೆಲ್ಲನ್ನು ಬಿಡುತ್ತಿರಲಿಲ್ಲ. ನಡುವಿನಲ್ಲಿರುವವರು ಕೊಳ್ಳುವ ಮೊದಲು ಒಂದು ತಿಂಗಳು ತಮ್ಮ ಈಗಿನ ಗಾಡಿಯ ಪ್ರತಿಯೊಂದು ಓಟದ ಅವಧಿಯನ್ನೂ ಹೇರಿದ ತೂಕವನ್ನೂ ಬರೆದಿಡಬೇಕು, ಆಮೇಲೆ ಟೆಸ್ಟ್ ಡ್ರೈವ್‌ಗೆ ಹೋಗುವಾಗ ತಾವು ನಿಜವಾಗಿ ಹೊರುವಷ್ಟು ಭಾರವನ್ನು ಹಿಂದೆ ಹೇರಿಸಿಕೊಂಡೇ ಹೊರಡಬೇಕು. ಖಾಲಿ ಗಾಡಿಯಲ್ಲಿ ಎರಡೂ ಎಂಜಿನ್ನುಗಳು ಚೆನ್ನಾಗಿಯೇ ಓಡುತ್ತವೆ.