ಟಿಂಕರಿಂಗ್ ಎಲ್ಲಿ ಮಾಡಿಸೋದು: ಕಂಪನಿ, ಆ್ಯಪ್, ಇಲ್ಲಾ ಶೆಡ್?

ಬೆಂಗಳೂರಿನಲ್ಲಿ ಕಾರು ಇಟ್ಟುಕೊಂಡವರಿಗೆ ಎಂಜಿನ್ನಿಗಿಂತ ಬಾಡಿಯದೇ ತಲೆನೋವು ಜಾಸ್ತಿ. ಸಿಗ್ನಲ್ಲಿನಲ್ಲಿ ಬೈಕಿನ ಹ್ಯಾಂಡಲ್ ಗೀಚುತ್ತದೆ, ಆಟೋ ಹಿಂದಿನಿಂದ ತಾಗುತ್ತದೆ, ಬೇಸ್‌ಮೆಂಟಿನ ಪಿಲ್ಲರ್ ಅಂತೂ ಇದ್ದೇ ಇದೆ. ನನ್ನ ಸಿಲ್ವರ್ ಬಣ್ಣದ ಸಣ್ಣ ಕಾರು ಕಂಪನಿ ಸರ್ವಿಸ್ ಸೆಂಟರ್, ಆ್ಯಪ್ ಗ್ಯಾರೇಜ್, ಮನೆ ಹತ್ತಿರದ ಟಿಂಕರಿಂಗ್ (ಡೆಂಟ್ ಎತ್ತಿ ಪೇಂಟ್ ಹೊಡೆಯುವ) ಶೆಡ್ ಮೂರನ್ನೂ ಕಂಡಿದೆ. ಬಿಸಿಲಲ್ಲಿ ನಿಲ್ಲಿಸಿದರೆ ಯಾವ ಭಾಗ ಯಾರ ಕೈಯಲ್ಲಿ ಆಗಿದ್ದು ಅಂತ ಈಗಲೂ ಹೇಳಬಹುದು.

ಪೇಂಟ್ ವಿಷಯದಲ್ಲಿ ಕಂಪನಿ ಕಡೆಯವರೇ ಮುಂದೆ. ಬಾನೆಟ್ ಅಲ್ಲೇ ಮಾಡಿಸಿದ್ದು. ಕಾರಿನ ಮೇಲಿರುವ ಪೇಂಟ್ ಕೋಡ್ ನೋಡಿ, ತೂಕ ಹಾಕಿ ಬಣ್ಣ ಬೆರೆಸುತ್ತಾರೆ. ಧೂಳಿಲ್ಲದ ಬೂತಿನಲ್ಲಿ ಹೊಡೆದು, ಸುಮಾರು 60 ಡಿಗ್ರಿ ಬಿಸಿಯಲ್ಲಿ ಒಣಗಿಸುತ್ತಾರೆ. ಸಿಲ್ವರ್ ಬಣ್ಣಕ್ಕೆ ಇದೆಲ್ಲ ಬೇಕೇ ಬೇಕು. ಅದರೊಳಗಿನ ಲೋಹದ ಚೂರುಗಳು ಸ್ಪ್ರೇ ಗನ್ನಿನ ಪ್ರೆಶರ್, ದೂರ ಸ್ವಲ್ಪ ಬದಲಾದರೂ ಬೇರೆ ಥರ ಕೂರುತ್ತವೆ. ಕೋಡ್ ಒಂದೇ ಆದರೂ ಬಣ್ಣ ಬೇರೆ ಕಾಣುತ್ತದೆ. ಹಾಗಾಗಿ ಒಳ್ಳೆ ಪೇಂಟರ್ ಪಕ್ಕದ ಪ್ಯಾನೆಲ್‌ನ ಮೇಲೂ ಸ್ವಲ್ಪ ಹಾಯಿಸಿ ಬೆರೆಸಿಬಿಡುತ್ತಾನೆ. ನನ್ನ ಬಾನೆಟ್ಟಿನಲ್ಲಿ ಗೆರೆ ಎಲ್ಲಿದೆ ಅಂತ ಹುಡುಕಿದರೂ ಸಿಗುವುದಿಲ್ಲ.

ನನಗೆ ಹಿಡಿಸದ್ದು ಅಲ್ಲಿನ ಮಾತು. ಬಾಗಿಲಲ್ಲಿ ಅಂಗೈಯಷ್ಟು ಡೆಂಟ್ ಇತ್ತು. ನೋಡಿದ ಕೂಡಲೇ ಅಡ್ವೈಸರ್, "ಡೋರೇ ಚೇಂಜ್ ಮಾಡಿಬಿಡೋಣ ಸಾರ್, ಇನ್ಶೂರೆನ್ಸ್ ಇದೆಯಲ್ಲ, ನಿಮ್ಮ ಜೇಬಿಂದ ಏನು ಹೋಗುತ್ತೆ?" ಅಂದರು. ಹೋಗುತ್ತೆ ಸ್ವಾಮಿ. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿಗೂ ಕಡ್ಡಾಯವಾಗಿ 1000 ರೂಪಾಯಿ ನಮ್ಮದು. ಭಾಗ ಹಳೆಯದಾಯ್ತು ಅಂತ ದುಡ್ಡು ಕಡಿತ ಮಾಡದ ಝೀರೋ ಡೆಪ್ ಕವರ್ ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಗಳ ಅರ್ಧ ದುಡ್ಡು ನಮ್ಮದು, ಪೇಂಟ್ ಸಾಮಗ್ರಿಯ ಅರ್ಧವೂ ನಮ್ಮದೇ. ಐದು ವರ್ಷ ಕ್ಲೇಮ್ ಮಾಡದೆ ಕೂಡಿಟ್ಟ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್ (ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಬೇರೆ ಹೋಗುತ್ತೆ. ಮುಂದಿನ ರಿನ್ಯೂವಲ್‌ಗೆ ಸೊನ್ನೆ, ಅದರ ಮುಂದಿನ ವರ್ಷ 20, ಆಮೇಲೆ 25, ಹೀಗೆ ಮತ್ತೆ ಮೊದಲಿಂದ ಹತ್ತಬೇಕು. ಸಣ್ಣ ಡೆಂಟಿಗೆ ಕ್ಲೇಮ್ ಹಾಕುವುದು ಲೆಕ್ಕಕ್ಕೆ ಕೂರುವುದಿಲ್ಲ. ಕಾರಿನ ಜೊತೆ ಬಂದ ಒರಿಜಿನಲ್ ಡೋರ್‌ಗೆ ಬರೀ ಡೆಂಟಾಗಿದ್ದರೆ ಅದನ್ನು ಗುಜರಿಗೆ ಹಾಕುವ ಅಗತ್ಯವೂ ಇಲ್ಲ.

ಆ್ಯಪ್ ಗ್ಯಾರೇಜಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮನೆಯಿಂದಲೇ ಗಾಡಿ ಒಯ್ಯುತ್ತಾರೆ, ಪ್ಯಾನೆಲ್‌ಗೆ ಇಷ್ಟು ಅಂತ ರೇಟ್ ಮೊದಲೇ ಹೇಳುತ್ತಾರೆ, ಫೋಟೋ ಕಳಿಸುತ್ತಾರೆ. ಆದರೆ ಕೆಲಸ ಯಾರು ಮಾಡಿದರು ಅಂತ ಗೊತ್ತಾಗುವುದೇ ಇಲ್ಲ. ಅಲ್ಲಿ ಮಾಡಿಸಿದ ಬಂಪರ್ ಮೂಲೆಯ ಬಣ್ಣ ವಾಟರ್ ವಾಶ್‌ನಲ್ಲಿ ಸಿಪ್ಪೆ ಎದ್ದಿತು. ಬಂಪರ್ ಪ್ಲಾಸ್ಟಿಕ್. ಅದಕ್ಕೆಂದೇ ಇರುವ ಪ್ರೈಮರ್ ಹಾಕದೆ ಹೊಡೆದರೆ ಬಣ್ಣ ಹಿಡಿಯುವುದಿಲ್ಲ. ವಾರಂಟಿಯಲ್ಲಿ ಮತ್ತೆ ಮಾಡಿಕೊಟ್ಟರು, ಅದು ಸರಿ. ಆದರೆ ಮೊದಲ ಸಲ ಪ್ರೈಮರ್ ಬಿಟ್ಟವರು ಎರಡನೇ ಸಲ ಹಾಕಿದ್ದಾರಾ ಅಂತ ಫೋಟೋದಲ್ಲಿ ಕಾಣಲ್ಲ ಅಲ್ವಾ?

ಬದಲಾಯಿಸಿ ಅಂದಿದ್ದ ಆ ಬಾಗಿಲನ್ನು ಕೊನೆಗೆ ಶೆಡ್ಡಿಗೆ ಒಯ್ದೆ. ಹೊಂಗೆ ಮರ, ತಗಡಿನ ಮಾಡು, ಒಂದು ಕಂಪ್ರೆಸರ್, ಅಷ್ಟೇ. ಶೆಡ್ ನಡೆಸುವ ಭಾಯ್ ಒಳಗಿನ ಡೋರ್ ಪ್ಯಾಡ್ ಬಿಚ್ಚಿದರು. ಒಳಗಿಂದ ಡಾಲಿ ಅನ್ನುವ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು, ಹೊರಗಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋದರು. ಜೋರಾಗಿ ಒಂದು ಏಟೂ ಇಲ್ಲ. ನಡುನಡುವೆ ಕಣ್ಣು ಬೇರೆಲ್ಲೋ ಇಟ್ಟು, ಹಸುವಿನ ಮೈ ಸವರಿದಂತೆ ಅಂಗೈಯಲ್ಲಿ ತಗಡು ಸವರುವರು. ಉಬ್ಬು ಸಿಕ್ಕಿದ ಕಡೆ ಬೆರಳು ನಿಲ್ಲುತ್ತಿತ್ತು. ತಗ್ಗು ತುಂಬುವ ಪೇಸ್ಟ್, ಅಂದರೆ ಪಟ್ಟಿ (putty) ಹಾಕುವ ಮೊದಲು, "ತಗಡು ನೋಡ್ಕೊಂಡು ಬಿಡಿ ಸಾರ್, ಆಮೇಲೆ ಕಾಣಲ್ಲ" ಅಂದರು.

ನನ್ನ ಮಟ್ಟಿಗೆ ಅಂಗಡಿ ನಂಬೋದು ಬಿಡೋದು ನಿರ್ಧಾರವಾಗುವುದು ಇಲ್ಲೇ. ಬಾಡಿ ಕೆಲಸದ ಮೋಸವೆಲ್ಲ ಪಟ್ಟಿಯ ಕೆಳಗೆ ಅಡಗುತ್ತದೆ. ಡೆಂಟ್ ಎತ್ತದೆ ಸುಮ್ನೆ ಪಟ್ಟಿ ತುಂಬಿ ತಿಕ್ಕಿದರೂ ಡೆಲಿವರಿ ದಿನ ಬಾಗಿಲು ಫಳಫಳ ಹೊಳೆಯುತ್ತದೆ. ದಪ್ಪ 2-3 ಮಿಲಿಮೀಟರ್ ದಾಟಿದರೆ ಬಿಸಿಲು, ಅಲುಗಾಟಕ್ಕೆ ಮುಂದೆ ಬಿರುಕು ಬಿಡಬಹುದು. ಫ್ರಿಜ್ಜಿನ ಮ್ಯಾಗ್ನೆಟ್ ಒಂದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟು ನೋಡಿ: ಕಬ್ಬಿಣದ ಪ್ಯಾನೆಲ್‌ನಲ್ಲಿ ಪಟ್ಟಿ ದಪ್ಪ ಇದ್ದ ಕಡೆ ಅದು ಜಾರಿ ಬೀಳುತ್ತದೆ. ಭಾಯ್ ಎತ್ತಿದ ಜಾಗದಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿತು.

ಖರ್ಚು ಕಂಪನಿ ಎಸ್ಟಿಮೇಟಿನ ಅರ್ಧಕ್ಕಿಂತ ತುಂಬಾ ಕಡಿಮೆ. ಆದರೆ ಬಣ್ಣದಲ್ಲಿ ಶೆಡ್ಡು ಸೋತಿತು. ಬಾಗಿಲಿನ ಅಂಚಿಗೇ ಪೇಂಟ್ ನಿಲ್ಲಿಸಿದ್ದಾರೆ, ಓರೆಯಾಗಿ ನೋಡಿದರೆ ಪಕ್ಕದ ಫೆಂಡರ್‌ಗಿಂತ ಒಂದು ಛಾಯೆ ಕಪ್ಪು. ಬಣ್ಣದ ಮೇಲಿನ ಪಾರದರ್ಶಕ ಕ್ಲಿಯರ್ ಕೋಟಿನೊಳಗೆ ಎರಡು ಮೂರು ಧೂಳಿನ ಕಣಗಳೂ ಕೂತಿವೆ. ಬಿಳಿ ಕಾರಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ನಾನೀಗ ಏಟು ನೋಡಿ ಅಂಗಡಿ ಆರಿಸುತ್ತೇನೆ. ಏರ್‌ಬ್ಯಾಗ್, ಚಾಸಿ, ದೊಡ್ಡ ಆಕ್ಸಿಡೆಂಟ್ ಅಂದರೆ ಎರಡು ಮಾತಿಲ್ಲ, ಕಂಪನಿ, ಕ್ಯಾಶ್‌ಲೆಸ್. ಬಾನೆಟ್ಟಿನಂತೆ ಎದ್ದು ಕಾಣುವ ಜಾಗಕ್ಕೂ ಅಲ್ಲೇ. ಪೇಂಟ್ ಒಡೆಯದ ಡೆಂಟಿಗೆ ಬಣ್ಣ ಮುಟ್ಟದೆ ಒಳಗಿಂದ ರಾಡಿನಲ್ಲಿ ಎತ್ತುವವರನ್ನು ಮೊದಲು ವಿಚಾರಿಸುತ್ತೇನೆ. ತಗಡಿನ ಕೆಲಸಕ್ಕೆ ಭಾಯ್. ಆದರೆ ಪೇಂಟ್ ಎನ್‌ಸಿಯೋ (ನೈಟ್ರೋಸೆಲ್ಯುಲೋಸ್, ಹಳೇ ಥರದ್ದು) ಪಿಯುವೋ (ಪಾಲಿಯುರೆಥೇನ್, ಗಟ್ಟಿಯಾಗಿ ಬಾಳುವಂಥದ್ದು) ಅಂತ ಮೊದಲೇ ಕೇಳಿ, ಪಿಯು ಅಂತಲೇ ಬರೆಸಿಕೊಳ್ಳುತ್ತೇನೆ. ಬಂಪರ್, ಲೈಟ್ ಬೇಕಾದರೆ ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರೋಡಿಗೆ ನಾನೇ ಹೋಗಿ ಬಿಲ್ ಸಮೇತ ತಂದುಕೊಡುತ್ತೇನೆ. ಅದಕ್ಕೆ ಭಾಯ್ ಯಾವತ್ತೂ ಮುಖ ಗಂಟು ಹಾಕಿಲ್ಲ. ಮಳೆಗಾಲದಲ್ಲಿ ಮಾತ್ರ ಶೆಡ್ಡಿನಲ್ಲಿ ಪೇಂಟ್ ಬೇಡ. ಗಾಳಿಯ ತೇವಕ್ಕೆ ಬಣ್ಣ ಬಿಳಿಚಿಕೊಳ್ಳುತ್ತದೆ. ಡಿಸೆಂಬರ್ ಕಳೆಯಲಿ ಅಂತ ಅವರೇ ಗಾಡಿ ವಾಪಸ್ ಕಳಿಸುತ್ತಾರೆ.